ಉಂಡು ಬಂದೀನ್ರಿ, ಸರ

ದಾನೇಶ್ವರಿಯ ಹೊಟ್ಟೆಯಲ್ಲಿ ಒಂದು ಬೆಳ್ಳಕ್ಕಿ ಇದೆ. ಉದಗೀರದ ನಮ್ಮ ಸೆಂಟರಿನಲ್ಲಿ ಅದನ್ನು ನೋಡದವರಿಲ್ಲ. ನಾನೂ ನೋಡಿದ್ದೇನೆ, ನೆಲ ಒರೆಸುತ್ತ.

ನನ್ನ ಹೆಸರು ಪ್ರಯಾಗಬಾಯಿ. ಸೆಂಟರಿನಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ. ದವಾಖಾನೆಯಲ್ಲಿ ಕಸ ಹೊಡೆಯುವ ಹೆಂಗಸಿಗೆ ಈ ಸೀಮೆಯಲ್ಲಿ ಮಾವಶಿ ಅನ್ನುತ್ತಾರೆ. ಮಾವಶಿ ಅಂದರೆ ಚಿಕ್ಕಮ್ಮ. ಇಷ್ಟು ಮಂದಿ ಅಕ್ಕತಂಗಿಯರ ಮಕ್ಕಳು ನನಗೆ ಎಲ್ಲಿಂದ ಬಂದರೋ ದೇವರಿಗೇ ಗೊತ್ತು. ಔರಾದ ಕಡೆಯಿಂದ ಮದುವೆಯಾಗಿ ಗಡಿ ದಾಟಿ ಈ ಮರಾಠಿ ಸೀಮೆಗೆ ಬಂದವಳು ನಾನು. ಮಂಚಕ್ಕೆ ಹೊಸ ಕಾಗದ ಹಾಸುವುದು, ಮಷೀನಿನ ವೈರು ಒರೆಸುವುದು, ಮೈಗೆ ಹಚ್ಚಿದ ಜೆಲ್ ಒರೆಸಿಕೊಳ್ಳಲು ಪೇಷಂಟಿಗೆ ಕಾಗದ ಕೊಡುವುದು ನನ್ನ ಕೆಲಸ.

ಅಲ್ಲಿ ಸೋನೋಗ್ರಾಫಿ ಕಲಿಸುತ್ತಾರೆ. ಬಸುರಿಯರ ಮೇಲೆ ಈ ಹುಡುಗರು ಕೈ ಇಡುವಂತಿಲ್ಲ. ಅದು ಡಾಕ್ಟರರ ಕೆಲಸ, ಬಾಗಿಲಿಗೇ ಬೋರ್ಡು ಹಾಕಿದೆ. ಇವರು ಕಲಿಯುವುದು ರಕ್ತದ ನಾಳ ನೋಡುವುದು. ಕೊರಳಲ್ಲಿ, ಕಾಲಲ್ಲಿ, ಹೊಟ್ಟೆಯಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆಯೋ ಇಲ್ಲವೋ ನೋಡಿ, ಅಳತೆ ತೆಗೆದು ಡಾಕ್ಟರಿಗೆ ಕೊಡಬೇಕು. ಕೈಯಲ್ಲಿ ಹಿಡಿದು ಮೈಮೇಲೆ ಆಡಿಸುವುದಕ್ಕೆ ಪ್ರೋಬ್ ಅನ್ನುತ್ತಾರೆ. ನೋಡಲು ಗಡ್ಡ ಬೋಳಿಸುವ ಮಷೀನಿನ ಹಾಗೆ ಇರುತ್ತದೆ. ಹೊಟ್ಟೆಯ ನಡುವೆ ಒಂದು ದೊಡ್ಡ ನಾಳ ಇಳಿಯುತ್ತದೆ. ಅದರಿಂದ ಒಂದು ಕವಲು ಒಡೆದು ಆ ಕಡೆ ಈ ಕಡೆ ಬಾಗುತ್ತದೆ. ಪರದೆಯ ಮೇಲೆ ಅದು ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ಕಾಣುತ್ತದೆ. ಪುಸ್ತಕದಲ್ಲಿ ಸಮುದ್ರದ ಹಕ್ಕಿ ಅಂತ ಬರೆದಿದೆಯಂತೆ. ಉದಗೀರದಲ್ಲಿ ಕೂತು ಸಮುದ್ರ ಕಂಡವರು ಯಾರು? ಮಾಕಣಿ ಡ್ಯಾಮಿನ ಮೇಲೆ ಹಾರುವ ಬೆಳ್ಳಕ್ಕಿ ಎಲ್ಲರೂ ಕಂಡಿದ್ದಾರೆ. ಹಾಗಾಗಿ ಬೆಳ್ಳಕ್ಕಿ.

ಕಲಿಯಲು ಒಂದು ಮೈ ಬೇಕು. ಒಬ್ಬರ ಮೇಲೆ ಒಬ್ಬರು ಕಲಿಯಬೇಕು ಅಂತ ನಿಯಮ. ಐದು ಮಂದಿ ಇದ್ದರು. ಮೊದಮೊದಲು ಸರದಿ ಪ್ರಕಾರ ನಡೆಯಿತು. ದಾನೇಶ್ವರಿ ಪ್ರೋಬ್ ಹಿಡಿಯುವ ಸರದಿ ಬಂತು. ಮೀನಲ ಮಲಗಬೇಕಿತ್ತು. ಮೀನಲಳಿಗೆ ತಲೆ ನೋಯತೊಡಗಿತು. ಧೀರಜನಿಗೆ ಫೋನ್ ಬಂತು. ಉಳಿದಿಬ್ಬರಿಗೆ ಒಮ್ಮೆಲೇ ನೀರಡಿಕೆ ಆಯಿತು. ದಾನೇಶ್ವರಿ ಪ್ರೋಬ್ ಹಿಡಿದುಕೊಂಡು ಖಾಲಿ ಮಂಚದ ಪಕ್ಕ ನಿಂತಿದ್ದಳು.

ದಾನೇಶ್ವರಿ ನಿಲಂಗಾದವಳು. ಅಪ್ಪ ಕಾಶೆಪ್ಪ ಬಸ್ ಸ್ಟ್ಯಾಂಡಿನ ಮುಂದೆ ಚಪ್ಪಲಿ ಹೊಲಿಯುತ್ತಾನೆ. ಜಾತಿಯಿಂದ ಡೋರರು, ಶರಣ ಕಕ್ಕಯ್ಯನ ಕುಲ. ಅಜ್ಜ ಚರ್ಮ ಹದ ಮಾಡಿ ಬಾವಿಯ ನೀರೆತ್ತುವ ಮೋಟ ಹೊಲಿಯುತ್ತಿದ್ದ. ಆ ಮೋಟದ ನೀರು ಕುಡಿದು ಗೌಡರ ಕಬ್ಬು ಬೆಳೆಯಿತು. ಅಜ್ಜ ಮಾತ್ರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಅದು ಮೀನಲಳ ಅಜ್ಜನದೇ ಬಾವಿ ಅಂತ ಹೇಳಿದರೆ ಕಥೆ ಚಂದ ಆದೀತು. ಅದಲ್ಲ. ಅಂಥ ಬಾವಿಗಳು ಬೇಕಾದಷ್ಟಿದ್ದವು.

ಕಲಿಸುವ ನೀಲೇಶ ಸರ್ ಬೈಯುವ ಮನುಷ್ಯರಲ್ಲ. ನಗುತ್ತ ಮಾತಾಡುವ ಮನುಷ್ಯರು. ನಗುತ್ತಲೇ ಹೇಳಿದರು:

“ದಾನೇಶ್ವರಿ, ನಿನ್ನ ಕೈ ಜರಾ ಗಟ್ಟಿ ಅದ. ಪೇಷಂಟಿಗಿ ತ್ರಾಸ ಆಗ್ತದ. ಆದ್ರ ನಿನ್ನ ಹೊಟ್ಟಿ ಮ್ಯಾಲ ಚಿತ್ರ ಏನ ಬರ್ತದ ಅಂತಿ! ಕನ್ನಡಿ ಹಂಗ. ಕೊಬ್ಬ ಅಂಬೋದೇ ಇಲ್ಲ. ನೀ ನಮ್ಮ ಸೆಂಟರಿನ ಖಜಾನಾ.”

ಕೊಬ್ಬು ಎಲ್ಲಿಂದ ಬರಬೇಕು?

“ಉದ್ಯಾ ಉಪಾಶಿ ಯೇ, ಬರಂ ಕಾ,” ಅಂದರು ಮರಾಠಿಯಲ್ಲಿ. ನಾಳೆ ಹಸಿದು ಬಾ. ಹೊಟ್ಟೆಯಲ್ಲಿ ಅನ್ನ, ಗಾಳಿ ಇದ್ದರೆ ಪರದೆಯ ಮೇಲೆ ಬರೀ ಮಂಜು ಕಾಣುತ್ತದೆ. ಬೆಳ್ಳಕ್ಕಿ ಬೇಕಾದರೆ ಹೊಟ್ಟೆ ಖಾಲಿ ಇರಬೇಕು.

ಅವತ್ತಿನಿಂದ ಅವಳೇ ಮಲಗಿದಳು. ನಿಲಂಗಾದಿಂದ ಮುಂಜಾನೆಯ ಎಸ್‌ಟಿ ಬಸ್ಸಿನಲ್ಲಿ ನಿಂತು ಬರುವುದು. ಹೊಟ್ಟೆಗೆ ನೀರು ಕೂಡ ಇಲ್ಲ. ಉಳಿದ ನಾಲ್ವರು ಕ್ಯಾಂಟೀನಿನಲ್ಲಿ ಅವಲಕ್ಕಿ ತಿಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡು ಬರುವವರೆಗೆ ಅವಳು ಮಂಚದ ಮೇಲೆ ಕಾಯುವುದು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಒತ್ತುವುದು. ಉಸಿರು ಹಿಡಿ. ಬಿಡು. ಹಿಡಿ. ಮಗ್ಗಲಾಗು. ಕಾಲಿನ ಮೀನಖಂಡ ಹಿಂಡಿ ರಕ್ತ ಮೇಲೆ ಹೋಗುವುದನ್ನು ನೋಡುತ್ತಿದ್ದರು. ಹಿಂಡಿ ಹಿಂಡಿ ಅವಳ ಕಾಲು ಹಸಿರುಗಟ್ಟಿತ್ತು. “ಇನ್ನ ಎಷ್ಟೊತ್ತರೀ?” ಅಂದರೆ “ಆಯ್ತು, ಆಯ್ತು” ಅನ್ನುತ್ತಿದ್ದರು. ಆಗುವ ಹೊತ್ತಿಗೆ ಮಧ್ಯಾಹ್ನದ ಊಟದ ವೇಳೆಯೂ ಮುಗಿದಿರುತ್ತಿತ್ತು.

ಇನ್ನೊಂದು ನೋಡಿದ್ದೇನೆ. ಹೊರಗಿನ ಪೇಷಂಟನ್ನು ಮುಟ್ಟಿದರೆ ಇವರು ಕಾಗದಕ್ಕೆ ಕೈ ಒರೆಸುತ್ತಿದ್ದರು. ದಾನೇಶ್ವರಿಯನ್ನು ಮುಟ್ಟಿದರೆ ಬೇಸಿನ್ ಮುಂದೆ ಸಾಲು. ಸಾಬಾನು. ಅವಳ ಹೊಟ್ಟೆಯ ಮೇಲಿನ ಜೆಲ್ ಅವಳೇ ಒರೆಸಿಕೊಳ್ಳಬೇಕು. ನಾನು ಕಾಗದ ಕೊಡುತ್ತಿದ್ದೆ.

ಅಳುವ ಹುಡುಗಿಯಲ್ಲ ಅವಳು. ಒಮ್ಮೆ ಜೆಲ್ ಒರೆಸಿಕೊಳ್ಳುತ್ತ ಅಂದಳು:

“ಮಾವಶಿ, ನಮ್ಮಜ್ಜ ಸತ್ತ ದನದ ತೊಗಲು ಬಿಚ್ಚತಿದ್ದ. ಇವರು ಜೀವಂತ ಇದ್ದಾಗೇ ನನ್ನ ಒಳಗ ನೋಡ್ಲಕತ್ತಾರ. ನಮ್ಮಜ್ಜಗ ಮೈಲಿಗಿ ಅಂದ್ರು. ಇವರಿಗಿ ಟೆಕ್ನಾಲಜಿಸ್ಟ ಅಂತಾರ.”

“ಹುಚ್ಚಿ, ಮೆಲ್ಲಕ ಮಾತಾಡು,” ಅಂದೆ. ನನಗೂ ನಗು ಬಂತು.

ಮಲಗಿದವಳು ಸುಮ್ಮನೆ ಮಲಗುತ್ತಿರಲಿಲ್ಲ. ಕುತ್ತಿಗೆ ಹೊರಳಿಸಿ ಪರದೆ ನೋಡುತ್ತಿದ್ದಳು. ಎಲ್ಲಿ ಒತ್ತಿದರೆ ಏನು ಕಾಣುತ್ತದೆ ಅಂತ ಲೆಕ್ಕ ಹಾಕುತ್ತಿದ್ದಳು. ಮನೆಯಲ್ಲಿ ಸಾಬಾನಿನ ಡಬ್ಬಿ ಹಿಡಿದು ಅವ್ವನ ಹೊಟ್ಟೆಯ ಮೇಲೆ ಆಡಿಸುತ್ತಿದ್ದಳಂತೆ. ಅವ್ವನಿಗೆ ಕಚಗುಳಿಯಾಗಿ ನಕ್ಕು ನಕ್ಕು ಸಾಕಾಗುತ್ತಿತ್ತಂತೆ. ಆದರೆ ಡಬ್ಬಿಯಲ್ಲಿ ಬೆಳ್ಳಕ್ಕಿ ಕಾಣುವುದಿಲ್ಲ.

ಉಮರಗಾದ ಒಬ್ಬ ಡಾಕ್ಟರು ಅವಳಿಗೆ ಮಾತು ಕೊಟ್ಟಿದ್ದರು. ಅವರ ದವಾಖಾನೆಯಲ್ಲಿ ಕಾಲಿನ ನಾಳ ನೋಡಲು ಹೆಣ್ಣುಮಗಳು ಬೇಕಿತ್ತು. ಹಳ್ಳಿಯ ಹೆಂಗಸರು ಗಂಡಸಿನ ಮುಂದೆ ಸೀರೆ ಮೊಳಕಾಲಿನ ಮೇಲೆ ಎತ್ತುವುದಿಲ್ಲ. “ಪಾಸಾಗಿ ಬಾ, ಮಷೀನು ನಿನ್ನ ಕೈಯಾಗ ಕೊಡ್ತೀನಿ,” ಅಂದಿದ್ದರು. ಪಾಸಾಗಬೇಕು, ಅಷ್ಟೇ. ಫೇಲಾದರೆ ಮಷೀನು ಬೇರೆಯವರ ಕೈಗೆ. ಇವಳು ಇನ್ನೊಂದು ವರ್ಷ ಅದೇ ಮಂಚದ ಮೇಲೆ.

ಶ್ರಾವಣ ಬಂತು. ಶನಿವಾರ ನೀಲೇಶ ಸರ್ ಎಲ್ಲರನ್ನೂ ಕೂರಿಸಿ ಹೇಳಿದರು: ಸೋಮವಾರ ಪರೀಕ್ಷೆ, ಹೊರಗಿನಿಂದ ಮ್ಯಾಡಮ್ ಬರುತ್ತಾರೆ, ಒಬ್ಬೊಬ್ಬರೂ ಹೊಟ್ಟೆಯ ದೊಡ್ಡ ನಾಳ ತೋರಿಸಬೇಕು, ಬೆಳ್ಳಕ್ಕಿ ತೋರಿಸಬೇಕು.

“ಯಾರ ಮ್ಯಾಲ ತೋರ್ಸೋದು ಸರ?” ಧೀರಜ ಕೇಳಿದ.

“ಇದು ಕೇಳೋ ಮಾತೇನು? ಖಜಾನಾ ಅದ ಅಲ್ಲ ನಮ್ಮ ಹತ್ರ.”

ನಾಲ್ವರೂ ನಿರಾಳವಾಗಿ ನಕ್ಕರು. ದಾನೇಶ್ವರಿ ಎದ್ದು ನಿಂತಳು.

“ನಾ ಯಾರ ಮ್ಯಾಲ ತೋರಸ್ಲಿ ಸರ?”

“ನಿಂದು ಎಲ್ಲಾರದು ಮುಗದ ಮ್ಯಾಲ ನೋಡಮು. ಮ್ಯಾಡಮ್ಮಗ ಟೈಮ್ ಉಳದ್ರ.”

“ಉಳೀಲಿಲ್ಲಂದ್ರ?”

“ಮುಂದಿನ ವರ್ಷ ಅದ ಅಲ್ಲ. ನಿಂಗೇನ ವಯಸ್ಸಾಗ್ಯಾದ?” ಸರ್ ನಗುತ್ತಲೇ ಅಂದರು.

ಸಂಜೆ ನಾನು ಬಕೆಟ್ ತೊಳೆಯುತ್ತಿದ್ದೆ. ದಾನೇಶ್ವರಿ ಬಂದು ಪಕ್ಕದಲ್ಲಿ ಕೂತಳು.

“ಮಾವಶಿ, ನಿನ್ನ ಶ್ರಾವಣ ಸೋಮಾರದ ಉಪಾಸ ಅಂದ್ರ ಹ್ಯಾಂಗ? ಏನೇನ್ ತಿಂತಿ?”

“ಏನೂ ಇಲ್ಲ. ಸಂಜಿಗಿ ಪೂಜಾ ಆಗೋ ತನಕ ನೀರೂ ಇಲ್ಲ. ನಮ್ಮತ್ತಿ ಹಾಕಿದ ರೂಢಿ.”

“ಸಾಬೂದಾಣಿ?”

“ಥೂ. ಅದು ಉಪಾಸ ಏನು?”

“ಚಾ?”

“ಇಲ್ಲಂದೆ ಅಲ್ಲ. ಯಾಕ ಇಷ್ಟ ವಿಚಾರಸ್ತಿ?”

“ಸುಮ್ಮ ಕೇಳಿದೆ,” ಅಂದಳು. ಬಸ್ಸಿಗೆ ಓಡಿದಳು. ನಾನು ಬಕೆಟ್ ತೊಳೆದೆ. ನನಗೆ ಏನೂ ಹೊಳೆಯಲಿಲ್ಲ.

ಸೋಮವಾರ ಮ್ಯಾಡಮ್ ಬಂದು ಆಫೀಸಿನಲ್ಲಿ ಕೂತಿದ್ದರು. ಕೋಣೆಯ ಹೊರಗಿನ ಬೆಂಚಿನ ಮೇಲೆ ದಾನೇಶ್ವರಿ ಡಬ್ಬಿ ಬಿಚ್ಚಿ ಕೂತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಪಕ್ಕದಲ್ಲಿ ಅರ್ಧ ಕುಡಿದ ಸೋಡಾ ಬಾಟಲಿ. ಸೆಂಟರಿನಲ್ಲಿ ಅವಳು ಉಣ್ಣುವುದನ್ನು ನಾನು ನೋಡಿದ್ದು ಅದೇ ಮೊದಲು. ಚೆನ್ನಾಗಿ ಉಣ್ಣುತ್ತಾಳೆ ಹುಡುಗಿ.

ನೀಲೇಶ ಸರ್ ಬಂದರು. ನಿಂತರು.

“ಇದೇನ್?”

“ರೊಟ್ಟಿ ರೀ.”

“ಅದು ಕಾಣ್ತದ. ಯಾಕ ತಿನ್ಲಕತ್ತಿ?”

“ಹಸಿವಿ ಆಗ್ಯಾದ್ರಿ.”

“ಇವತ್ತ ಪರೀಕ್ಷಾ ಅದ. ಉಪಾಶಿ ಬಾ ಅಂದಿದ್ದೆ.”

“ಉಂಡು ಬಂದೀನ್ರಿ, ಸರ. ಮನ್ಯಾಗ ಎರಡ ತಿಂದೆ. ಬಸ್ ಸ್ಟ್ಯಾಂಡಿನ್ಯಾಗ ಸೋಡಾ ಕುಡದೆ. ಇದು ಮೂರನೇದು.” ತೇಗಿದಳು. ಬೇಕಂತಲೇ ತೇಗಿದಳೋ ಸೋಡಾ ತೇಗಿಸಿತೋ ಗೊತ್ತಿಲ್ಲ.

ಸರ್ ಮುಖದ ನಗು ಹೋಯಿತು. ಅದಿಲ್ಲದೆ ಅವರ ಮುಖ ಬೇರೆ ಯಾರದೋ ಅನ್ನಿಸಿತು.

“ನಾಲ್ಕ ಮಂದಿ ವರ್ಷ ಹಾಳ ಮಾಡ್ತಿ ನೀ.”

“ನನ್ನ ವರ್ಷ ಯಾರ ಹಾಳ ಮಾಡ್ಲಕತ್ತಾರ್ರಿ?” ಅವಳು ರೊಟ್ಟಿ ಕೆಳಗಿಡಲಿಲ್ಲ. “ಇಷ್ಟ ದಿನ ನಾ ಹಸದೀನಿ, ಇವರು ಕಲತಾರ. ನನ್ನ ಬೆಳ್ಳಕ್ಕಿ ಎಲ್ಲಾರೂ ನೋಡ್ಯಾರ. ಇವರದು ನಾ ಒಬ್ಬರದೂ ನೋಡಿಲ್ಲ. ನನ್ನ ಕೈ ಗಟ್ಟಿ ಅದ ಅಂತೀರಿ. ನೀವು ಮುಟ್ಟಿಸ್ಕೊಂಡು ನೋಡೀರೇನು? ಗಟ್ಟಿ ಅಲ್ರಿ, ಡೋರರ ಕೈ ಅದ. ಹಂಗ ಅಂತ ಅಂದ್ಬಿಡ್ರಿ, ತಿಳೀತದ. ಇನ್ನ ಮ್ಯಾಲ ನನ್ನ ಹೊಟ್ಟಿ ನಂದು.”

ಉಳ್ಳಾಗಡ್ಡಿ ಕಚ್ಚಿದಳು.

ಜನ ನ್ಯಾಯ ಕೇಳಲು ಊಟ ಬಿಡುತ್ತಾರೆ. ಕಚೇರಿಯ ಮುಂದೆ ಚಾಪೆ ಹಾಕಿ ಹಸಿದು ಕೂರುತ್ತಾರೆ. ಈ ಹುಡುಗಿ ಊಟ ಮಾಡಿ ನ್ಯಾಯ ಕೇಳಿದಳು. ಅವಳ ಹಸಿವಿಗೆ ಅಲ್ಲಿ ಯಾರೂ ಹೆದರಿರಲಿಲ್ಲ. ಹೊಟ್ಟೆ ತುಂಬಿದ ಕೂಡಲೇ ಹೆದರಿದರು.

“ಸರ್,” ಮೀನಲ ಮುಂದೆ ಬಂದಳು, “ಚಿಂತಾ ಮಾಡಬ್ಯಾಡ್ರಿ. ನಂದು ಇವತ್ತ ಉಪಾಸ ಅದ. ಶ್ರಾವಣ ಸೋಮಾರ.”

“ನಂದೂ ಉಪಾಸ ಅದ,” ಅಂದ ಧೀರಜ. ಉಳಿದಿಬ್ಬರೂ ಹೂಂ ಅಂದರು. ಸರ್ ಮುಖಕ್ಕೆ ನಗು ವಾಪಸು ಬಂತು.

ಮೀನಲ ಮಂಚ ಹತ್ತಿದಳು. ಧೀರಜ ಪ್ರೋಬ್ ಹಿಡಿದ. ಮ್ಯಾಡಮ್ ಕನ್ನಡಕ ಏರಿಸಿ ಪರದೆ ನೋಡಿದರು. ಅವರು ಮರಾಠಿಯವರು. ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಪರದೆಯ ತುಂಬ ಮಂಜು. ಧೀರಜ ಒತ್ತಿದ. ಮಂಜು. ಇನ್ನೂ ಒತ್ತಿದ. ಮೀನಲ “ಅವ್ವಾ” ಅಂದಳು. ಮಂಜು.

“ಏನ್ ತಿಂದಿ?” ಮ್ಯಾಡಮ್ ಕೇಳಿದರು.

“ಏನಿಲ್ರಿ ಮ್ಯಾಡಮ್. ಉಪಾಸ.”

“ಉಪಾಸಕ್ಕ ಏನ್ ತಿಂದಿ?”

“ಸಾಬೂದಾಣಿ ಖಿಚಡಿ. ಜರಾ ಮಸರು. ಬಾಳಿಹಣ್ಣು. ಒಂದು ಶೇಂಗಾ ಉಂಡಿ.” ಸ್ವಲ್ಪ ತಡೆದು, “ಎರಡು,” ಅಂದಳು.

ಧೀರಜನನ್ನು ಮಲಗಿಸಿದರು. ಅವನದು ಬಟಾಟೆ ಭಾಜಿ, ರಾಜಗಿರಾ ಪೂರಿ, ಒಂದು ಲೋಟ ಬಾದಾಮಿ ಹಾಲು. ಮೂರನೆಯವನು ಸಾವೆಯಂಥ ವರೈ ಅನ್ನ ತಿಂದಿದ್ದ, ಶೇಂಗಾ ಸಾರಿನ ಜೊತೆ. ನಾಲ್ಕನೆಯವಳು “ಬರೇ ಹಣ್ಣು” ಅಂದಳು. ಹಣ್ಣು ಕೇಳಿದರೆ ಬುಟ್ಟಿ ತುಂಬುವಷ್ಟಿತ್ತು. ನಮ್ಮ ಸೀಮೆಯ ಉಪವಾಸ ಅದು. ಉಂಡ ದಿನಕ್ಕಿಂತ ಉಪವಾಸದ ದಿನ ಹೊಟ್ಟೆ ಭಾರ ಇರುತ್ತದೆ. ನಾಲ್ಕು ಹೊಟ್ಟೆಗಳಲ್ಲೂ ಬೆಳ್ಳಕ್ಕಿಯ ಒಂದು ಪುಕ್ಕ ಸಿಗಲಿಲ್ಲ.

ಮ್ಯಾಡಮ್ ಕನ್ನಡಕ ತೆಗೆದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೇಳಿದರು:

“ಈ ಸೆಂಟರಿನ್ಯಾಗ ಖರೇ ಹಸದವರು ಒಬ್ಬರೂ ಇಲ್ಲೇನು?”

“ಇದ್ದಾರ್ರಿ,” ದಾನೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಕೈ ತೊಳೆದು, ಬಿಳಿ ಕೋಟು ಹಾಕಿಕೊಂಡು. “ಮಾವಶಿ ಇದ್ದಾಳ.”

ಆಗ ನನಗೆ ಹೊಳೆಯಿತು. ಈ ಹುಡುಗಿ ಶನಿವಾರವೇ ನನ್ನನ್ನು ಬುಕ್ ಮಾಡಿಟ್ಟಿದ್ದಳು.

“ಹಾಂ, ಮಾವಶಿ,” ನೀಲೇಶ ಸರ್ ಗಡಿಬಿಡಿ ಮಾಡಿದರು. “ಮಲಕೋ, ಮಲಕೋ. ಮೀನಲ, ಬಾ. ಮೊದಲ ನೀ ತೋರಸು.”

ಕಸಬರಿಗೆ ನನ್ನ ಕೈಯಲ್ಲೇ ಇತ್ತು. ಗೋಡೆಗೆ ಆನಿಸಿ ಇಟ್ಟೆ.

“ಇಲ್ರಿ ಸರ. ನಾ ದಾನೇಶ್ವರಿ ಪೇಷಂಟ ಇದೀನಿ. ಬ್ಯಾರೆದವರು ಕೈ ಹಚ್ಚಬ್ಯಾಡ್ರಿ.”

“ಮಾವಶಿ, ಇದು ಪರೀಕ್ಷಾ ಅದ.”

“ಹೊಟ್ಟಿ ನಂದ ಅದ್ರಿ.”

ಮ್ಯಾಡಮ್ ನನ್ನನ್ನು ನೋಡಿದರು, ಸರ್ ಅನ್ನು ನೋಡಿದರು. “ಪೇಷಂಟ ಬ್ಯಾಡ ಅಂದ್ರ ಮುಗೀತು. ಆ ಹುಡುಗಿ ಬರಲಿ,” ಅಂದರು.

ಎಷ್ಟೋ ವರ್ಷ ಆ ಮಂಚ ಒರೆಸಿದ್ದೇನೆ. ಮಲಗಿದ್ದು ಅದೇ ಮೊದಲು. ಅಲ್ಲಿಂದ ನೋಡಿದರೆ ಫ್ಯಾನು ದೊಡ್ಡದು, ಮಷೀನು ದೊಡ್ಡದು, ಸುತ್ತ ನಿಂತವರೆಲ್ಲ ದೊಡ್ಡವರು. ಮೂಗಿನ ಹೊಳ್ಳೆಗಳು ಮಾತ್ರ ಕಾಣುತ್ತವೆ, ಕಣ್ಣು ಕಾಣುವುದಿಲ್ಲ. ಇಷ್ಟು ದಿನ ಈ ಹುಡುಗಿ ಜಗತ್ತನ್ನು ಇಲ್ಲಿಂದ ನೋಡಿದಳಲ್ಲ ಅಂದುಕೊಂಡೆ.

ನಾನು ಲಿಂಗ ಕಟ್ಟಿಕೊಂಡವಳು. ಕೊರಳ ದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಅದು ಸರಿಯಾಗಿ ಎದೆಗೂಡಿನ ಕೆಳಗೆ, ಪ್ರೋಬ್ ಇಡುವ ಜಾಗದಲ್ಲೇ ಬಿದ್ದಿತ್ತು. ದಾನೇಶ್ವರಿಯ ಕೈ ಅಲ್ಲಿಯವರೆಗೆ ಬಂದು ನಿಂತಿತು.

“ಮಾವಶಿ, ಇದು ಜರಾ ಸರಸ್ಕೋತೀಯಾ?”

“ನೀನೇ ಸರಸು.”

“ನಾ…”

“ಕಕ್ಕಯ್ಯನ ಮನಿ ಮಗಳ ಕೈ ತಾಕಿ ಮೈಲಿಗಿ ಆಗೋ ಲಿಂಗ ಇದ್ರ ಅದನ್ನ ನಾ ಯಾಕ ಕಟ್ಕೋಬೇಕು? ಸರಸು. ಜಲ್ದಿ ಮಾಡು, ಹಸಿವಿ ಆಗ್ಯಾದ.”

ಅವಳು ಎರಡು ಬೆರಳಲ್ಲಿ ಕರಡಿಗೆ ಎತ್ತಿ ಪಕ್ಕಕ್ಕೆ ಇಟ್ಟಳು. ಕೈ ಗಟ್ಟಿ ಏನಿರಲಿಲ್ಲ. ಜೆಲ್ ಹಾಕಿದಳು. ಐಸಿನ ಹಾಗೆ ತಣ್ಣಗೆ. ಇದನ್ನು ಅಷ್ಟು ದಿನ ಹಚ್ಚಿಸಿಕೊಂಡಳೇ?

ಮೊದಲು ಏನೂ ಸಿಗಲಿಲ್ಲ. ಅವಳು ತೀರ ಎಡಕ್ಕೆ ಹೋದಳು. ಮ್ಯಾಡಮ್ ಗಡಿಯಾರ ನೋಡಿದರು. ನೀಲೇಶ ಸರ್ ಕೆಮ್ಮಿದರು. ದಾನೇಶ್ವರಿ ಕೈ ತೆಗೆದಳು, ಕಣ್ಣು ಮುಚ್ಚಿದಳು. ತನ್ನ ಕೋಟಿನ ಮೇಲಿಂದಲೇ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಅಷ್ಟು ಮಂದಿ ಒತ್ತಿದ ಜಾಗ ನೆನಪಿರದೆ ಇರುತ್ತದೆಯೇ? ಕಣ್ಣು ತೆರೆದು ನನ್ನ ಹೊಟ್ಟೆಯ ಮೇಲೆ ಅದೇ ಜಾಗದಲ್ಲಿ ಪ್ರೋಬ್ ಇಟ್ಟಳು.

“ಮಾವಶಿ, ಉಸುರ ಹಿಡಿ.”

ಹಿಡಿದೆ. ಮೆಲ್ಲಗೆ ಕೈ ತಿರುಗಿಸಿದಳು. ಕತ್ತಲಲ್ಲಿ ದೊಡ್ಡ ನಾಳ ಕಂಡಿತು. ಅದರ ಮೇಲೆ ಎರಡು ರೆಕ್ಕೆ ಬಿಚ್ಚಿಕೊಂಡು, ನನ್ನ ಹೊಟ್ಟೆಯ ಒಳಗೆ, ಬೆಳ್ಳಕ್ಕಿ.

ಕಸ ಹೊಡೆಯುವವಳ ಹೊಟ್ಟೆಯಲ್ಲೂ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

“ಇದು ಕೆಂಪ ಯಾಕ, ಇದು ನೀಲಿ ಯಾಕ?” ಮ್ಯಾಡಮ್ ಪರದೆಯ ಬಣ್ಣ ತೋರಿಸಿ ಕೇಳಿದರು.

“ಪ್ರೋಬ್ ಕಡಿ ಬರೋ ರಕ್ತ ಕೆಂಪ ರೀ. ದೂರ ಹೋಗೋದು ನೀಲಿ. ಹಿಡದವರ ಕೈ ತಿರುಗಿದ್ರ ಬಣ್ಣ ಅದಲಬದಲ ಆಗ್ತದ್ರಿ.”

ಹಾಗಾದರೆ ಬಣ್ಣ ರಕ್ತದಲ್ಲಿಲ್ಲ. ಹಿಡಿದವರ ಕೈಯಲ್ಲಿದೆ. ಇದನ್ನು ತಿಳಿಯಲು ನನಗೆ ಈ ವಯಸ್ಸಿನಲ್ಲಿ ಮಂಚ ಹತ್ತಬೇಕಾಯಿತು.

ದಾನೇಶ್ವರಿ ಪಾಸಾದಳು. ಮೊದಲ ನಂಬರು ಗಿಂಬರು ಏನಲ್ಲ. ಅಳತೆ ತೆಗೆಯುವಾಗ ಎರಡು ಸಲ ತಪ್ಪಿದಳು, ಮ್ಯಾಡಮ್ ಗದರಿದರು. ಪಾಸು, ಅಷ್ಟೇ. ಉಳಿದ ನಾಲ್ವರಿಗೆ ಮ್ಯಾಡಮ್ ಹೇಳಿದರು: ಗುರುವಾರ ಮತ್ತೆ ಬರುತ್ತೇನೆ, ದೇವರ ಉಪವಾಸ ಬೇಡ, ನನ್ನ ಉಪವಾಸ ಮಾಡಿ.

ಮ್ಯಾಡಮ್ ಹೋದ ಮೇಲೆ ನೀಲೇಶ ಸರ್ ನಗುತ್ತ ಬಂದರು.

“ದಾನೇಶ್ವರಿ, ಛಲೋ ಮಾಡ್ದಿ. ಗುರುವಾರ ಒಂದ ದಿನ…”

“ಗುರುವಾರ ನಮ್ಮ ಮನ್ಯಾಗ ಹೋಳಗಿ ಅದ್ರಿ, ಸರ.”

ಮಂಗಳವಾರ ಮೀನಲ ಬಂದಳು, ಒಬ್ಬಳೇ. “ದಾನೇಶ್ವರಿ, ನಮ್ಮ ನಮ್ಮೊಳಗ ಮಲಕೋತೀವಿ. ಆದ್ರ ನಿನ್ನ ಬಿಟ್ಟು ಬ್ಯಾರೆದವರ ಹೊಟ್ಯಾಗ ಎಲ್ಲಿ ಹುಡುಕಬೇಕು ತಿಳೀವಲ್ದು. ನೀ ತೋರಸ್ತಿಯೇನು?”

“ತೋರಸ್ತೀನಿ. ಪ್ರೋಬ್ ನನ್ನ ಕೈಯಾಗ, ನೀವು ನಾಲ್ಕೂ ಮಂದಿ ಮಂಚದ ಮ್ಯಾಲ. ನಾಳಿಗಿ ಬರ್ರಿ. ಖರೇ ಉಪಾಸ ಬರ್ರಿ ಮತ್ತ. ಸಾಬೂದಾಣಿ ತಿಂದು ಬರಬ್ಯಾಡ್ರಿ.”

ಬುಧವಾರ ನಾಲ್ವರೂ ಹಸಿದು ಬಂದರು. ದಾನೇಶ್ವರಿ ನಿಧಾನ ಮಾಡಿದಳು. ಸೇಡಿಗಲ್ಲ, ಅವಳಿಗೂ ಕೈ ಪಳಗಬೇಕಿತ್ತು. ಸೇಡು ಸ್ವಲ್ಪ ಇತ್ತೇನೋ, ಇದ್ದರೆ ತಪ್ಪೇನು? ಮೀನಲಳದು ಕೊನೆಯ ಸರದಿ. ಮಧ್ಯಾಹ್ನ ಜಾರಿತ್ತು. ಮಂಚದ ಮೇಲೆ ಮಲಗಿದವಳ ಹೊಟ್ಟೆ ಗುಡುಗುಡು ಅನ್ನುತ್ತಿತ್ತು.

“ದಾನೇಶ್ವರಿ, ಇನ್ನ ಎಷ್ಟೊತ್ತ?”

“ಆಯ್ತು, ಆಯ್ತು,” ಅಂದಳು ದಾನೇಶ್ವರಿ. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಬೆಳ್ಳಕ್ಕಿ ಸಿಕ್ಕಿತು. ಕೊಬ್ಬಿನ ಹಿಂದೆ ಅಡಗಿತ್ತು, ಆದರೂ ಸಿಕ್ಕಿತು. ನಾನು ಕಾಗದ ಚಾಚಿದೆ. ದಾನೇಶ್ವರಿ ಅದನ್ನು ಮೀನಲಳ ಕೈಗೆ ಕೊಡಲಿಲ್ಲ. ತಾನೇ ಜೆಲ್ ಒರೆಸಿದಳು, ಸ್ವಚ್ಛವಾಗಿ, ಒಂದು ಹನಿ ಉಳಿಯದ ಹಾಗೆ. ಕೈ ಕೊಟ್ಟು ಎಬ್ಬಿಸಿದಳು. ಡಬ್ಬಿ ಬಿಚ್ಚಿ ಬೆಂಚಿನ ಮೇಲೆ ಇಟ್ಟಳು.

“ರೊಟ್ಟಿ ಭಾಳ ತಂದೀನಿ. ಉಣ್ಣೋರು ಉಣ್ರಿ.”

ಅವರೆಲ್ಲ ಒಳ್ಳೆಯವರಾದರು ಅಂತ ನಾನು ಹೇಳುವುದಿಲ್ಲ. ಹಸಿದಿದ್ದರು. ಧೀರಜ ಬೇಸಿನ್ ಕಡೆ ನೋಡಿದ. ಮೀನಲಳೂ ನೋಡಿದಳು. ಬೇಸಿನ್ ಆ ತುದಿಗೆ, ರೊಟ್ಟಿ ಈ ತುದಿಗೆ.

ಮೀನಲ ಕೈ ತೊಳೆಯಲಿಕ್ಕೂ ಹೋಗದೆ ರೊಟ್ಟಿ ಮುರಿದಳು.